ಚರ್ಮದ ಪರ್ಸ್, ಬೆಲ್ಟ್ ಕೈಯಲ್ಲೇ ಹೊಲಿಯೋರಿಗೆ
ಒಂದೇ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡನ್ನೂ ಎದುರುಬದುರಾಗಿ ದಾಟಿಸಿ. ಮೆಷಿನ್ ಹೊಲಿಗೆ ನೋಡೋಕೆ ಚೆಂದ, ಒಪ್ಪಿದೆ. ಆದರೆ ಒಂದು ಕಡೆ ದಾರ ಹರಿದರೆ ಪಕ್ಕದ್ದೂ ಬಿಚ್ಚಿಕೊಳ್ಳುತ್ತೆ. ಈ ಎರಡು ಸೂಜಿಯ ಹೊಲಿಗೆಯಲ್ಲಿ ಇನ್ನೊಂದು ಎಳೆ ಹಿಡಿದುಕೊಂಡಿರುತ್ತೆ. ದಾರ ಹೊಲಿಗೆಯ ಉದ್ದದ 4 ಪಟ್ಟಾದರೂ ಇರಲಿ, ಮೇಣ ಸವರಿರಲಿ. ಕೊನೆಗೆ 2-3 ತೂತು ಹಿಂದಕ್ಕೆ ಹೊಲಿದು ಕತ್ತರಿಸಿ, ಗಂಟು ಬೇಡ.

ಅಂಚಿಗೆ ಸ್ಯಾಂಡ್‌ಪೇಪರ್ ಉಜ್ಜಿ, ನೀರು ಸವರಿ, ದಪ್ಪ ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ಬರುತ್ತೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಮಾತ್ರ ಇದು. ಕ್ರೋಮಿಯಂ ಲವಣದಿಂದ ಹದ ಮಾಡಿದ ಕ್ರೋಮ್ ಚರ್ಮವಾದರೆ ಅಂಚಿಗೆ ಬಣ್ಣವೇ ಗತಿ.

ಇನ್ನು ನಮ್ಮ ಬೆಂಗಳೂರಿನ ಮಳೆಗಾಲ! ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟರೆ ಬೂಷ್ಟು ಗ್ಯಾರಂಟಿ, ಹತ್ತಿ ಚೀಲದಲ್ಲಿಡಿ. ನೆನೆದರೆ ಬಿಸಿಲಿಗೆ ಹಾಕಬೇಡಿ, ಫ್ಯಾನ್ ಗಾಳಿ ಸಾಕು.