ಜರ್ಮನಿಯಲ್ಲಿ ಪಾಪುವಿನ ಮೊದಲ ಶರತ್ಕಾಲ: ಹೊಸಬರಿಗೆ ನಾಲ್ಕು ಮಾತು

ಸೆಪ್ಟೆಂಬರ್ ಕೊನೆಗೆ ಸ್ಟುಟ್‌ಗಾರ್ಟ್‌ಗೆ ಬಂದಿಳಿದಿದ್ದೀರಿ. ಕಂಕುಳಲ್ಲಿ ಕೂಸು, ಹೊರಗೆ ಹತ್ತು ಡಿಗ್ರಿ. ಮಾರ್ಚ್ ತನಕ ಮನೆಯಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಬೇಡಿ. ಇಲ್ಲಿಯವರು ನಮ್ಮ ಜೊತೆ ತಾವಾಗಿ ಮಾತಿಗೆ ಬಂದದ್ದು ಈ ಎರಡು ತಿಂಗಳಲ್ಲೇ, ಅದೂ ಪಾಪುವಿನ ನೆಪದಲ್ಲಿ.

ಮೊದಲು ಬಟ್ಟೆ. ಒಂದೇ ದಪ್ಪ ಜಾಕೆಟ್ ಬೇಡ, ಪದರ ಪದರವಾಗಿ ಹಾಕಿ. ಇದಕ್ಕೆ ಇಲ್ಲಿ 'ಈರುಳ್ಳಿ ಲುಕ್' ಅಂತಲೇ ಹೆಸರು. ಮಗುವಿಗೆ ಚಳಿಯಾ ಸೆಕೆಯಾ ತಿಳಿಯಲು ಕೈ ಮುಟ್ಟಿದರೆ ಗೊತ್ತಾಗುವುದಿಲ್ಲ, ಕತ್ತಿನ ಹಿಂದೆ ಬೆರಳಿಟ್ಟು ನೋಡಿ. ಕಾರ್ ಸೀಟಿನಲ್ಲಿ ದಪ್ಪ ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಮೇಲೆ ಹೊದಿಕೆ ಹೊದಿಸಿ. ಟೋಪಿ ಮರೆತರೆ ಬಸ್ ಸ್ಟಾಪಿನಲ್ಲಿ ಯಾರೋ ಅಜ್ಜಿ ಸೀದಾ ಬಂದು ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಪುತ್ತೂರಿನಿಂದ ನನ್ನ ಅಮ್ಮ ವಿಡಿಯೋ ಕಾಲ್‌ನಲ್ಲಿ ಕೇಳುವುದೂ ಅದನ್ನೇ.

ಅಂಗಡಿಗಳಲ್ಲಿ ಈಗ ಹೊಕ್ಕೈಡೊ ಎಂಬ ಪುಟ್ಟ ಕಿತ್ತಳೆ ಬಣ್ಣದ ಕುಂಬಳ ರಾಶಿ ಬಿದ್ದಿರುತ್ತದೆ. ಸಿಪ್ಪೆ ಹೆರೆಯುವ ಕೆಲಸವೇ ಇಲ್ಲ, ಬೆಂದರೆ ಸಿಪ್ಪೆಯೂ ಮೆತ್ತಗಾಗುತ್ತದೆ. ಊಟ ಶುರು ಮಾಡಿದ ಮಗುವಿಗೆ ಬೇಯಿಸಿ ಕಿವುಚಿದ ಎರಡು ಚಮಚ, ಉಳಿದದ್ದು ನಮ್ಮ ಸಾಂಬಾರಿಗೆ. ಸ್ಟುಟ್‌ಗಾರ್ಟ್ ಪಕ್ಕದ ಊರು ಲುಡ್ವಿಗ್ಸ್‌ಬುರ್ಗ್‌ನ ಅರಮನೆಯ ತೋಟದಲ್ಲಿ ಕುಂಬಳಕಾಯಿ ಪ್ರದರ್ಶನ ನಡೆಯುತ್ತದೆ. ಕುಂಬಳಕಾಯಿಗಳಿಂದಲೇ ಕಟ್ಟಿದ ಆಳೆತ್ತರದ ಬೊಂಬೆಗಳಿರುತ್ತವೆ. ವಾರದ ದಿನ ಹೋಗಿ. ಭಾನುವಾರ ಪಾಪುವಿನ ತಳ್ಳುಗಾಡಿ ತಳ್ಳುವುದಕ್ಕಿಂತ ನಿಲ್ಲಿಸಿಕೊಂಡು ಕಾಯುವುದೇ ಜಾಸ್ತಿ.

ಇದೇ ಕಾಲಕ್ಕೆ ಫೆಡರ್‌ವೈಸರ್ ಅಂತ ಇನ್ನೂ ಹುಳಿಯುತ್ತಿರುವ ಹೊಸ ದ್ರಾಕ್ಷಾರಸ ಬರುತ್ತದೆ. ಅದರ ಜೊತೆ ಖಾರದ ಈರುಳ್ಳಿ ಕೇಕ್. ಕೇಕಿನಲ್ಲಿ ಹಂದಿಮಾಂಸದ ಚೂರು ಇರುವುದುಂಟು, ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ರಸ ಕುಡಿಯಲು ಸಿಹಿ, ಆದರೆ ಅದರಲ್ಲಿ ಮದ್ಯ ಇದೆ. ಹಾಲೂಡಿಸುವ ತಾಯಂದಿರಿಗೆ ಬೇಡ. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ: ಒಳಗಿನ ಗಾಳಿ ಹೊರಬರಲೆಂದು ಆ ಬಾಟಲಿಯ ಮುಚ್ಚಳ ಗಟ್ಟಿ ಮುಚ್ಚಿರುವುದಿಲ್ಲ. ತಳ್ಳುಗಾಡಿಯ ಕೆಳಗಿನ ಬುಟ್ಟಿಯಲ್ಲಿ ಅದನ್ನು ಮಲಗಿಸಿ ತಂದೆ. ಮನೆ ಮುಟ್ಟುವಾಗ ಡೈಪರ್, ಬಿಳಿ ಸ್ವೆಟರ್, ರಾಗಿ ಹಿಟ್ಟಿನ ಡಬ್ಬಿ ಎಲ್ಲದಕ್ಕೂ ಕಳ್ಳಿನಂಗಡಿ ವಾಸನೆ. ಬಾಟಲಿಯನ್ನು ನಿಲ್ಲಿಸಿಯೇ ತನ್ನಿ.

ದಾರಿಯಲ್ಲಿ ಬಿದ್ದ ಕಂದು ಕಾಯಿಗಳನ್ನು ಮಕ್ಕಳು ಆರಿಸಿ, ಹಲ್ಲುಕಡ್ಡಿ ಚುಚ್ಚಿ ಬೊಂಬೆ ಮಾಡುತ್ತಾರೆ. ಅದು ಕುದುರೆ ಚೆಸ್ಟ್‌ನಟ್, ತಿನ್ನುವಂಥದ್ದಲ್ಲ. ತಿನ್ನುವ ಜಾತಿಯ ಹೊರಸಿಪ್ಪೆಯ ಮೇಲೆ ಸೂಜಿಯಂಥ ಮುಳ್ಳು ಒತ್ತೊತ್ತಾಗಿರುತ್ತದೆ, ಇದರ ಮುಳ್ಳು ದಪ್ಪ, ಅಲ್ಲೊಂದು ಇಲ್ಲೊಂದು. ಏನೇ ಆಗಲಿ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಪಾಪುವಿನ ಕೈಗೆ ಎರಡೂ ಬೇಡ.

ಎಲ್ಲ ಬಿಟ್ಟರೂ ಲಾಟೀನು ಮೆರವಣಿಗೆ ಬಿಡಬೇಡಿ. ನವೆಂಬರ್ 11 ಸಂತ ಮಾರ್ಟಿನ್ ದಿನ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ರೋಮನ್ ಸಿಪಾಯಿ ಅವನು. ಆ ದಿನದ ಆಸುಪಾಸಿನಲ್ಲಿ ಮಕ್ಕಳು ಲಾಟೀನು ಹಿಡಿದು ಹಾಡುತ್ತಾ ಬೀದಿ ಸುತ್ತುತ್ತಾರೆ. ಎಷ್ಟೋ ಕಡೆ ಮುಂದೆ ಕುದುರೆ ಮೇಲೆ ಮಾರ್ಟಿನ್ ವೇಷದವರು. ಐದು ಗಂಟೆಗೆಲ್ಲ ಕತ್ತಲಾಗಿರುವುದರಿಂದ ಬೇಗ ಶುರುವಾಗುತ್ತದೆ, ಪಾಪುವಿನ ನಿದ್ದೆಯೂ ಕೆಡುವುದಿಲ್ಲ. ಶಿಶುವಿಹಾರ, ಚರ್ಚುಗಳ ಬಾಗಿಲಲ್ಲಿ ಪೋಸ್ಟರ್ ಹಚ್ಚಿರುತ್ತಾರೆ. ವಾದ್ಯದವರ ಪಕ್ಕ ಮಾತ್ರ ನಿಲ್ಲಬೇಡಿ, ತುತ್ತೂರಿಗೆ ಮಗು ಬೆಚ್ಚುತ್ತದೆ.

ಇಲ್ಲಿಯವರು ದುಂಡನೆಯ ಚೀಸ್ ಡಬ್ಬಿಗೆ ಬೆಣ್ಣೆ ಕಾಗದ ಸುತ್ತಿ ಲಾಟೀನು ಮಾಡುತ್ತಾರೆ. ನಾವು ದೀಪಾವಳಿಗೆ ಮಾಡಿದ್ದ ಗೂಡುದೀಪವನ್ನೇ ತಳ್ಳುಗಾಡಿಗೆ ಕಟ್ಟಿದೆವು, ಒಳಗೆ ಮೇಣದ ಬತ್ತಿಯ ಬದಲು ಪುಟ್ಟ ಎಲ್‌ಇಡಿ. ಹತ್ತು ತಿಂಗಳಿಂದ 'ಹಲೋ' ಬಿಟ್ಟರೆ ಮಾತಿಲ್ಲದಿದ್ದ ಪಕ್ಕದ ಮನೆಯವರು ಹತ್ತಿರ ಬಂದು, ಬಗ್ಗಿ, ಆ ಮೂಲೆಗಳನ್ನು ಹೇಗೆ ಅಂಟಿಸಿದಿರಿ ಅಂತ ಕೇಳಿದರು. ಕೊನೆಯಲ್ಲಿ ಬೆಂಕಿಯ ಸುತ್ತ ಬಿಸಿ ಬಿಸಿ ಮಕ್ಕಳ ಪಂಚ್, ಅಂದರೆ ಮದ್ಯವಿಲ್ಲದ ಹಣ್ಣಿನ ರಸದ ಪಾನೀಯ, ಕೊಡುತ್ತಾರೆ. ನಮ್ಮ ಹತ್ತಿರ ಲೋಟ ಇರಲಿಲ್ಲ, ಆ ಪಕ್ಕದ ಮನೆಯವರೇ ತಮ್ಮದನ್ನು ಕೊಟ್ಟರು. ನೀವು ಮನೆಯಿಂದಲೇ ಒಂದು ಒಯ್ಯಿರಿ.