ಸೆಲ್ಮಾ ಲಾಗರ್‌ಲೋಫ್ ಬಗ್ಗೆ ನಲವತ್ತು ನಿಮಿಷದ ಉಪನ್ಯಾಸ ಸಿದ್ಧಪಡಿಸುವುದು ಹೇಗೆ?

ಧಾರವಾಡ, ಗದಗದ ಓದುಗರ ಕೂಟಗಳಲ್ಲಿ ಪರದೇಶದ ಲೇಖಕರ ಪರಿಚಯವೆಂದರೆ ಹುಟ್ಟಿದ ಊರು, ಪುಸ್ತಕಗಳ ಪಟ್ಟಿ, ಪ್ರಶಸ್ತಿ ಎಂದು ಸಾಲಾಗಿ ಹೇಳಿ ಮುಗಿಸುವುದೇ ಹೆಚ್ಚು. ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್ (1858–1940) ವಿಷಯದಲ್ಲಿ ಹಾಗೆ ಮಾಡಬೇಡಿ. ಪ್ರಶಸ್ತಿ ಹಿಂದಿರಲಿ, ಮನೆ ಮುಂದೆ ಬರಲಿ.

ಮೊದಲ ಹತ್ತು ನಿಮಿಷ ಮೋರ್ಬಾಕಾಕ್ಕೆ ಕೊಡಿ. ವೆರ್ಮ್‌ಲಾಂಡ್ ಸೀಮೆಯಲ್ಲಿ ಅವರು ಹುಟ್ಟಿ ಬೆಳೆದ ಜಮೀನುಮನೆ ಅದು. ಅಪ್ಪ 1885ರಲ್ಲಿ ತೀರಿಕೊಂಡರು, ಆಸ್ತಿ ಕೈಬಿಟ್ಟಿತು. 1907ರಲ್ಲಿ ಸೆಲ್ಮಾ ಮನೆಯನ್ನು ಮರಳಿ ಕೊಂಡರು. ಹೊಲ ಬಂದದ್ದು ಆಮೇಲೆ, 1909ರ ನೊಬೆಲ್ ಹಣದಿಂದ. ಇಲ್ಲೇ ಬಹಳಷ್ಟು ಮಂದಿ ತಪ್ಪುತ್ತಾರೆ: ಮನೆಯನ್ನೂ ನೊಬೆಲ್ ಹಣದಲ್ಲೇ ಕೊಂಡರೆಂದು ಹೇಳಿಬಿಡುತ್ತಾರೆ. ಎರಡೂ ವರ್ಷಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮುಂದಿನ ಹತ್ತು ನಿಮಿಷ ಲಾಂಡ್ಸ್‌ಕ್ರೂನಾದ ಹೆಣ್ಣುಮಕ್ಕಳ ಶಾಲೆಗೆ. 1885ರಿಂದ ಹತ್ತು ವರ್ಷ ಅಲ್ಲಿ ಕಲಿಸುತ್ತಲೇ ಬರೆದರು. ‘ಇದುನ್’ ಪತ್ರಿಕೆಯ ಸ್ಪರ್ಧೆಗೆ ತಮ್ಮ ಮೊದಲ ಕಾದಂಬರಿಯ ಕೆಲವು ಅಧ್ಯಾಯ ಕಳಿಸಿ 1890ರಲ್ಲಿ ಗೆದ್ದರು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ವರ್ಷವೂ ಅದೇ. ಇದನ್ನು ಹೇಳಿದರೆ ನಮ್ಮ ಕೇಳುಗರಿಗೆ ಕಾಲ ತಟ್ಟನೆ ಹಿಡಿತಕ್ಕೆ ಸಿಗುತ್ತದೆ. ಮರುವರ್ಷ ಆ ಕಾದಂಬರಿ, ‘ಯೋಸ್ತಾ ಬೆರ್ಲಿಂಗ್’, ಇಡಿಯಾಗಿ ಬಂತು.

ನಂತರದ ಹದಿನೈದು ನಿಮಿಷ ಓದಿಗೆ ಮೀಸಲು. ಉಪನ್ಯಾಸ ನಿಲ್ಲುವುದೇ ಇದರ ಮೇಲೆ. ಬೇರೆಲ್ಲಿ ಬೇಕಾದರೂ ಸಮಯ ಕತ್ತರಿಸಿ, ಇಲ್ಲಿ ಬೇಡ. ಎರಡು ಭಾಗ ಸಾಕು. ಒಂದು, ‘ನಿಲ್ಸ್ ಹೋಲ್ಗರ್ಸನ್’ನಿಂದ. ಅಂಗೈಯಗಲದ ಹುಡುಗನೊಬ್ಬ ಹೆಬ್ಬಾತಿನ ಬೆನ್ನೇರಿ ಸ್ವೀಡನ್ ಸುತ್ತುವ ಈ ಕಥೆ (1906–07) ಶಿಕ್ಷಕರ ಸಂಘ ಬರೆಸಿದ ಭೂಗೋಳದ ಪಠ್ಯ. ಬರೀ ಮಕ್ಕಳ ಕಥೆಯೆಂದು ದಾಟಿಸಬೇಡಿ: ಒಂದು ಅಧ್ಯಾಯದಲ್ಲಿ ಗೂಬೆಯ ಬಾಯಿಂದ ಹುಡುಗನನ್ನು ಬಿಡಿಸುವವಳು ಹಳೆಯ ಮನೆ ನೋಡಲು ಬಂದ ಲೇಖಕಿ. ಆ ಅಧ್ಯಾಯವನ್ನೇ ಆರಿಸಿ.

ಇನ್ನೊಂದು, ನೊಬೆಲ್ ಔತಣದ ಭಾಷಣ. ಸ್ವರ್ಗದ ಜಗಲಿಯಲ್ಲಿ ತೂಗುಕುರ್ಚಿಯ ಮೇಲೆ ಕೂತ ಅಪ್ಪನ ಹತ್ತಿರ ಮಗಳು ಹೋಗಿ, ತನಗೆ ತೀರಿಸಲಾಗದಷ್ಟು ಸಾಲವಾಗಿದೆ ಅನ್ನುತ್ತಾಳೆ. ಕಥೆ ಕೊಟ್ಟವರ, ಓದಿದವರ ಋಣ ಅದು. ಮನೆ ಕಳೆದುಕೊಂಡ ಸಂಗತಿ ಮೊದಲೇ ತಿಳಿದಿದ್ದರೆ ಮಾತ್ರ ಈ ‘ಸಾಲ’ ಕೇಳುಗರ ಎದೆಗೆ ತಾಗುತ್ತದೆ. ಮನೆಯಿಂದ ಶುರು ಮಾಡಿ ಎಂದದ್ದು ಅದಕ್ಕೇ.

ಉಳಿದ ಐದು ನಿಮಿಷ ಪ್ರಶ್ನೆಗೆ. ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ, 1914ರಲ್ಲಿ ಸ್ವೀಡಿಷ್ ಅಕಾಡೆಮಿ ಸೇರಿದ ಮೊದಲ ಮಹಿಳೆ ಎಂಬ ವಿವರಗಳನ್ನು ಅಲ್ಲಿಗೆ ಇಟ್ಟುಕೊಳ್ಳಿ. ಯಾರಾದರೂ ಕೇಳಿಯೇ ಕೇಳುತ್ತಾರೆ. ಓದುವ ಪುಟಗಳನ್ನು ಹಿಂದಿನ ದಿನ ಗಡಿಯಾರ ಎದುರಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಹದಿನೈದು ನಿಮಿಷ ಮೀರಿದರೆ ಇಡೀ ಪ್ಯಾರಾವನ್ನೇ ಬಿಡಿ, ಓದುವ ವೇಗ ಹೆಚ್ಚಿಸಬೇಡಿ.