ಮೊದಲ ಸಲ ಸೈಕಿಯಾಟ್ರಿಸ್ಟ್ ಹತ್ತಿರ ಹೋಗುವ ಮುಂಚೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಂಗ್ಲೆಂಡಿಗೆ ಬಂದವರಿಗೆ

ಊರಲ್ಲಿ ದವಾಖಾನೆಗೆ ಹೋದರೆ ಹೊರಗೆ ನಂಬರ್ ಹಚ್ಚಿ ಎರಡು ತಾಸು ಕೂರುವುದು, ಒಳಗೆ ಐದು ನಿಮಿಷ. ಆ ಐದು ನಿಮಿಷವೂ ಮಾತಾಡುವವರು ಜೊತೆಗೆ ಬಂದ ಕಾಕಾ. ಇಂಗ್ಲೆಂಡಿನಲ್ಲಿ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಸಾಮಾನ್ಯ ಡಾಕ್ಟರ ಹತ್ತಿರ ಹೆಸರು ಹಚ್ಚಬೇಕು. ಅದಕ್ಕೆ ವೀಸಾ ಕಾಗದವಾಗಲಿ ಮನೆ ವಿಳಾಸದ ಪುರಾವೆಯಾಗಲಿ ಕಡ್ಡಾಯವಲ್ಲ. ಜಿಪಿ ಬರೆದುಕೊಟ್ಟ ಮೇಲೆ ಸೈಕಿಯಾಟ್ರಿಸ್ಟ್, ಅಂದರೆ ಮನೋರೋಗದ ಡಾಕ್ಟರ ಹತ್ತಿರ ಹೋಗುವುದಕ್ಕೆ ವಾರಗಳೇ ಹಿಡಿಯಬಹುದು. ಮೊದಲ ಭೇಟಿ ಸುಮಾರು ಒಂದು ತಾಸು ನಡೆಯುತ್ತದೆ, ಪ್ರಶ್ನೆಗಳೆಲ್ಲ ನಿಮಗೇ. ಕಾಯುವ ಆ ವಾರಗಳಲ್ಲಿ ಮಾಡಿಟ್ಟುಕೊಳ್ಳುವ ಕೆಲಸ ಇದು.

ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಏನೇನಾಯಿತು ಅಂತ ಬರೆಯಿರಿ. ರೋಗದ ಹೆಸರಿನ ಗೊಡವೆ ಬೇಡ, ನಡೆದದ್ದು ಬೇಕು. ಅವ್ವ ಅಪ್ಪನಿಗೆ ಫೋನ್ ಮಾಡಿ ‘ಯಾವ ತಿಂಗಳು’ ಅಂತ ಕೇಳಿದರೆ ನೆನಪಾಗುವುದಿಲ್ಲ. ‘ತೊಗರಿ ರಾಶಿಗಿಂತ ಮುಂಚೆನೋ, ಎಳ್ಳಮಾವಾಸ್ಯೆ ಆದಮೇಲೋ, ಶರಣಬಸವೇಶ್ವರ ಜಾತ್ರೆ ಹೊತ್ತಿಗೋ’ ಅಂತ ಕೇಳಿ, ತಟ್ಟನೆ ಹೇಳುತ್ತಾರೆ. ಅದನ್ನು ತಿಂಗಳಿಗೆ ಇಳಿಸಿಕೊಳ್ಳುವುದು ನಿಮ್ಮ ಕೆಲಸ. ಹೀಗೆ ಬರೆದರೆ ಸಾಕು:

ಜನವರಿ 2019: ಹತ್ತು ದಿನ ರಾತ್ರಿ ಎರಡೇ ತಾಸು ನಿದ್ದೆ, ಆದರೂ ದಣಿವಿಲ್ಲ. ಮಾತು ನಿಲ್ಲಲಿಲ್ಲ. ಸಾಲ ಮಾಡಿ ಬೈಕ್ ತಂದ.
ಜೂನ್ 2019: ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಆರು ಕಿಲೋ ಇಳಿದ.

ಎರಡನೆಯ ಸಾಲನ್ನು ಎಲ್ಲರೂ ಹೇಳುತ್ತಾರೆ. ಮೊದಲನೆಯದು ಮನೆಯವರ ಲೆಕ್ಕದಲ್ಲಿ ರೋಗವೇ ಅಲ್ಲ, ‘ಆಗ ಭಾಳ ಹುರುಪಿನಾಗ ಇದ್ದ’ ಅಷ್ಟೇ. ಆದರೆ ಅದು ಬಿಟ್ಟುಹೋದರೆ ಡಾಕ್ಟರು ಖಿನ್ನತೆ ಅಂತಷ್ಟೇ ತಿಳಿದು ಬರೀ ಖಿನ್ನತೆಯ ಗುಳಿಗೆ ಕೊಟ್ಟಾರು. ಬೈಪೋಲಾರ್, ಅಂದರೆ ಒಮ್ಮೆ ಅತಿ ಹುರುಪು ಒಮ್ಮೆ ಖಿನ್ನತೆ ಬರುವ ರೋಗ ಇದ್ದವರಿಗೆ ಆ ಗುಳಿಗೆಯೊಂದೇ ಸಿಕ್ಕರೆ ಉನ್ಮಾದ, ಅಂದರೆ ಆ ಅತಿ ಹುರುಪು ಕೆರಳಬಹುದು.

ಇನ್ನು ಗುಳಿಗೆ. ನಮ್ಮವರು ಹೇಳುವುದು ಕಂಪನಿ ಇಟ್ಟ ಹೆಸರು, ಅದು ಇಲ್ಲಿ ನಡೆಯುವುದಿಲ್ಲ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ನೆಕ್ಸಿಟೋ ಪ್ಲಸ್ ಹಿಂದೆ ಎರಡು ಔಷಧಗಳಿವೆ: ಖಿನ್ನತೆಗೆ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ, ಗಾಬರಿ ತಗ್ಗಿಸುವುದಕ್ಕೆ ಕ್ಲೊನಾಜೆಪಾಮ್ 0.5 ಮಿ.ಗ್ರಾಂ. ಇಂಥ ಜೋಡಿ ಗುಳಿಗೆ ಇಂಗ್ಲೆಂಡಿನಲ್ಲಿ ಸಿಗದು. ನೀವು ಮೊದಲನೆಯದನ್ನಷ್ಟೇ ಹೇಳಿದರೆ ಎರಡನೆಯದು ಒಮ್ಮೆಲೇ ಬಂದ್ ಆಗುತ್ತದೆ. ತಿಂಗಳುಗಟ್ಟಲೆ ನುಂಗಿದವರಿಗೆ ಆಗ ಕೈ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಚೀಟಿಯ ಮೇಲಿನ ‘1-0-1’ ಇಲ್ಲಿ ಎಲ್ಲರಿಗೂ ತಿಳಿಯದು. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬಿಡಿಸಿ ಬರೆಯಿರಿ. ತಿಂಗಳ ಸೂಜಿ ಮಾಡಿಸಿಕೊಳ್ಳುತ್ತಿದ್ದರೆ ಅದರ ಹೆಸರು, ಡೋಸ್, ಕೊನೆಯ ಸಲ ಹಾಕಿಸಿದ ದಿನ ಬೇಕೇಬೇಕು.

ಹತ್ತು ದಿನ ನುಂಗಿ ಗುಣ ಕಾಣಲಿಲ್ಲ ಅಂತ ಬಿಟ್ಟ ಗುಳಿಗೆಯನ್ನು ‘ಅದು ನನಗೆ ಹತ್ತಲಿಲ್ಲ’ ಅಂತ ಹೇಳಬೇಡಿ. ಖಿನ್ನತೆಯ ಗುಳಿಗೆ ನಾಟುವುದಕ್ಕೆ ನಾಲ್ಕಾರು ವಾರ ಬೇಕು. ನಿಮ್ಮ ಒಂದು ಮಾತಿಗೆ ಒಳ್ಳೆಯ ಔಷಧವೊಂದು ಪಟ್ಟಿಯಿಂದಲೇ ಹೋಗಿಬಿಡುತ್ತದೆ. ಎಷ್ಟು ದಿನ, ಎಷ್ಟು ಮಿ.ಗ್ರಾಂ, ಯಾಕೆ ಬಿಟ್ಟಿರಿ, ಮೂರನ್ನೂ ಹೇಳಿ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ರಕ್ತದ ಮಟ್ಟ, ಕಿಡ್ನಿ, ಥೈರಾಯ್ಡ್ ರಿಪೋರ್ಟ್ ತರಿಸಿಕೊಳ್ಳಿ. ಬೈಪೋಲಾರ್‌ಗೋ ಫಿಟ್ಸ್‌ಗೋ ವಾಲ್‌ಪ್ರೊಏಟ್ ನುಂಗುವ ಹೆಣ್ಣುಮಕ್ಕಳು ಬಸಿರಾಗುವ ವಿಚಾರ ಇದ್ದರೆ ಮೊದಲೇ ಬಾಯಿಬಿಡಿ, ಹೊಟ್ಟೆಯ ಮಗುವಿಗೆ ಅದು ಅಪಾಯ. ಹಾಗಂತ ನೀವಾಗಿಯೇ ನಿಲ್ಲಿಸುವುದೂ ಬೇಡ.

ಮುಚ್ಚಿಡುವ ಸಂಗತಿಗಳಲ್ಲಿ ಸೇಂದಿ ದೊಡ್ಡದು. ನಮ್ಮ ಕಡೆಯ, ತೆಲಂಗಾಣ ಗಡಿಯ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ಜೊತೆಗೆ ಮಂಪರಿನ ಔಷಧಗಳಾದ ಡೈಜೆಪಾಮ್, ಅಲ್‌ಪ್ರಜೋಲಾಮ್ ಬೆರೆಸುವುದು ಗೊತ್ತಿದ್ದದ್ದೇ. ಮಗನ ಮನೆಗೆ ಬಂದ ಅಪ್ಪ ಕೆಲವೇ ದಿನಗಳಲ್ಲಿ ಇಲ್ಲದವರ ಜೊತೆ ಮಾತಾಡತೊಡಗಿದರೆ ಅದು ಹುಚ್ಚಲ್ಲ, ಸೇಂದಿ ಬಿಟ್ಟದ್ದರ ಪರಿಣಾಮ ಇದ್ದೀತು. ಅದು ತುರ್ತು. ಡಾಕ್ಟರಿಗೆ ‘ಆಲ್ಕೋಹಾಲ್’ ಅಂದು ಮುಗಿಸದೆ ಬೆರಕೆಯ ವಿಷಯ ಹೇಳಿ. ಬೀಡಿ, ಗುಟ್ಕಾ ಬೇರೆಬೇರೆ ಬರೆಯಿರಿ. ಬೀಡಿ ಸಿಗರೇಟಿನ ಹೊಗೆಯಿಂದ ಲಿವರ್ ಓಲಾಂಜಪಿನ್, ಕ್ಲೋಜಪಿನ್ ಎಂಬ ಮನೋರೋಗದ ಗುಳಿಗೆಗಳನ್ನು ಬೇಗ ಖರ್ಚು ಮಾಡುತ್ತದೆ. ಗುಟ್ಕಾದಿಂದ ಹಾಗಾಗದು, ಕಾರಣ ನಿಕೋಟಿನ್ ಅಲ್ಲ, ಹೊಗೆ. ಇಲ್ಲಿ ಸಿಗರೇಟು ತುಟ್ಟಿ ಅಂತ ಒಮ್ಮೆಲೇ ಬಿಟ್ಟರೆ ಅದೇ ಡೋಸ್ ಹೆಚ್ಚಾಗಿ ಮಂಪರು ಬಡಿಯುತ್ತದೆ.

ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದರು, ದರ್ಗಾದಲ್ಲಿ ತಾಯತ ಕಟ್ಟಿಸಿದ್ದರು ಅನ್ನುವುದೂ ಹಾಳೆಯಲ್ಲಿರಲಿ. ನಾಚಿಕೆಪಡುವ ವಿಷಯವಲ್ಲ. ಆ ದಿನಗಳಲ್ಲಿ ಗುಳಿಗೆ ನಿಂತಿತ್ತೇ ಅನ್ನುವುದು ಡಾಕ್ಟರಿಗೆ ಮುಖ್ಯ. ನಾಟಿ ವೈದ್ಯರು ಕೊಟ್ಟ ಪುಡಿಯ ಹೆಸರೂ ಬೇಕು: ಸರ್ಪಗಂಧ ಬಿ.ಪಿ. ಇಳಿಸುತ್ತದೆ, ಮನಸ್ಸನ್ನೂ ಕುಗ್ಗಿಸಬಲ್ಲದು.

ಮಾತಿನ ತೊಡಕು ಇನ್ನೊಂದು. ಇಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಪುಕ್ಕಟೆ, ಅಪಾಯಿಂಟ್‌ಮೆಂಟ್ ಗೊತ್ತಾದ ದಿನವೇ ಕೇಳಿ. ಬೀದರ್ ಕಡೆಯವರಿಗೆ ಉರ್ದು ಸಲೀಸಾದರೆ ಉರ್ದುವನ್ನೇ ಕೇಳಿ. ಗಂಡನನ್ನೋ ಮಗಳನ್ನೋ ದುಭಾಷಿ ಮಾಡಬೇಡಿ, ಅವರೆದುರು ಹೇಳಲಾಗದ್ದೇ ಅಸಲಿ ವಿಷಯ ಇರುತ್ತದೆ. ಕನ್ನಡದ ದುಭಾಷಿ ಬೆಂಗಳೂರು ಕಡೆಯವರಾದರೆ ‘ನಮ್ಮ ಕಾಕಾ ಎಣ್ಣಿ ಕುಡದಿದ್ದ’ ಅನ್ನುವುದು ಅವರ ಕಿವಿಗೆ ಸರಾಯಿ. ನಮ್ಮ ಹೊಲದ ಮಾತಿನಲ್ಲಿ ಅದು ಬೆಳೆಗೆ ಹೊಡೆಯುವ ವಿಷ. ಮನೆತನದಲ್ಲಿ ಆತ್ಮಹತ್ಯೆ ಆಗಿದೆಯೇ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಕಳೆದುಹೋಗುತ್ತದೆ. ಹಾಗೆಯೇ ‘ಬಿ.ಪಿ. ಲೋ ಆತು’ ಅನ್ನದೆ, ಎದೆ ಹೊಡೆದುಕೊಂಡಿತೇ, ಕಣ್ಣು ಕತ್ತಲಿಟ್ಟಿತೇ, ಎಷ್ಟು ನಿಮಿಷ ಅಂತ ಹೇಳಿ.

ಮನೆತನದ ವಿಷಯದಲ್ಲಿ ಬರೀ ‘ಅಂಕಲ್’ ಸಾಲದು. ತಾಯಿಯ ತಮ್ಮನೋ ತಂದೆಯ ತಮ್ಮನೋ ಬಿಡಿಸಿ ಹೇಳಿ. ಅವ್ವ ಅಪ್ಪ ಸೋದರ ಸಂಬಂಧದಲ್ಲಿ ಮದುವೆಯಾದವರಾದರೆ ಅದನ್ನೂ ಹೇಳಿ. ಫಿಟ್ಸ್, ತಲೆಗೆ ಪೆಟ್ಟು, ಟಿ.ಬಿ. ಚಿಕಿತ್ಸೆ, ಬಾಣಂತನದಲ್ಲಿ ತಲೆ ಕೆಟ್ಟದ್ದು ಒಂದೊಂದು ಸಾಲು.

ಊರಿನ ದವಾಖಾನೆಯ ಕಾಗದ ತರಿಸುವುದಕ್ಕೆ ತಡಮಾಡಬೇಡಿ. ಒಳರೋಗಿಯ ದಾಖಲೆಯನ್ನು ಡಾಕ್ಟರು 3 ವರ್ಷ ಇಡಬೇಕು, ಕೇಳಿದರೆ 72 ತಾಸಿನೊಳಗೆ ಕೊಡಬೇಕು ಅನ್ನುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ. ಭಾರತದ ಮಾನಸಿಕ ಆರೋಗ್ಯ ಕಾಯ್ದೆ 2017ರ 25ನೇ ಸೆಕ್ಷನ್ ಪ್ರಕಾರ ದಾಖಲೆ ಪಡೆಯುವುದು ನಿಮ್ಮ ಹಕ್ಕು. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಎಂಬ ಸರಕಾರಿ ದವಾಖಾನೆಗಳಾಗಲಿ, ಹೈದರಾಬಾದ್ ಸೊಲ್ಲಾಪುರದ ಖಾಸಗಿ ದವಾಖಾನೆಯಾಗಲಿ, ಓಪಿಡಿ ನಂಬರ್ ಮತ್ತು ನೀವು ಸಹಿ ಹಾಕಿದ ಒಪ್ಪಿಗೆ ಪತ್ರ ಕೊಟ್ಟು ತಮ್ಮನನ್ನು ಕಳಿಸಿ. ಚೀಟಿಯಲ್ಲಿ ಶರಣಪ್ಪ, ಪಾಸ್‌ಪೋರ್ಟಿನಲ್ಲಿ ಶರಣಬಸಪ್ಪ ಅಂತಿದ್ದರೆ ಇಬ್ಬರೂ ಒಬ್ಬರೇ ಅಂತ ಡಾಕ್ಟರಿಂದ ಒಂದು ಸಾಲು ಬರೆಸಿಕೊಳ್ಳಲಿ.

ಇನ್ನೂ ವಿಮಾನ ಹತ್ತದವರಿಗೆ: ಕ್ಲೊನಾಜೆಪಾಮ್, ಅಲ್‌ಪ್ರಜೋಲಾಮ್ ಬ್ರಿಟನ್ನಿನಲ್ಲಿ ನಿಯಂತ್ರಿತ ಔಷಧಗಳು. ಮೂರು ತಿಂಗಳಿಗಿಂತ ಕಡಿಮೆಯಷ್ಟನ್ನು, ಡಾಕ್ಟರ ಪತ್ರ ಸಮೇತ ಕೈಚೀಲದಲ್ಲೇ ತನ್ನಿ. ಮುಗಿದ ಮೇಲೆ ಊರಿಂದ ಪಾರ್ಸೆಲ್ ತರಿಸುವ ಉಪಾಯ ಬೇಡ, ಕಸ್ಟಮ್ಸ್‌ನವರು ಹಿಡಿಯುತ್ತಾರೆ.

ಕಾರು ಓಡಿಸುವವರು ಬೈಪೋಲಾರ್ ಅಥವಾ ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳುವ ರೋಗ) ಇದ್ದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಲೇಬೇಕು. ತಿಳಿಸದಿದ್ದರೆ 1,000 ಪೌಂಡ್ ತನಕ ದಂಡ. ಕೆಲಸದ ಕಂಪನಿಯವರಿಗೆ ಗೊತ್ತಾದೀತು ಅಂತ ಹೆದರಿ ಹಾಳೆಯಿಂದ ಏನನ್ನೂ ತೆಗೆಯಬೇಡಿ. ಜೀವಕ್ಕೆ ಅಪಾಯವಿದ್ದ ಹೊರತು ನಿಮ್ಮ ಒಪ್ಪಿಗೆಯಿಲ್ಲದೆ ಡಾಕ್ಟರು ಅವರಿಗೆ ಹೇಳುವುದಿಲ್ಲ.

ಸಾಯುವ ವಿಚಾರ ಬರತೊಡಗಿದ್ದರೆ, ಧ್ವನಿಗಳು ಏನಾದರೂ ಮಾಡು ಅನ್ನುತ್ತಿದ್ದರೆ ಹಾಳೆ ಪೂರ್ತಿಯಾಗಲಿ ಅಂತ ಕಾಯಬೇಡಿ. ಎನ್‌ಎಚ್‌ಎಸ್‌ನ 111 ನಂಬರಿಗೆ ಫೋನ್ ಹಚ್ಚಿ 2 ಒತ್ತಿ, ಹಗಲು ರಾತ್ರಿ ಎತ್ತುತ್ತಾರೆ. ಜೀವಕ್ಕೇ ಕುತ್ತು ಬಂದಿದ್ದರೆ 999.